ಕಪ್ಪು ತೆರೆಯೂ ಕನ್ನಡ ಪಠ್ಯವೂ: ಕನ್ನಡ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಕನ್ನಡ ಅಧ್ಯಯನ ವಿಭಾಗಗಳ ಎಂ.ಎ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ,



ಹಳೆಯ ಕಾವ್ಯ, ವಚನ, ಶಾಸನ, ಜನಪದ ಸಂಗ್ರಹ, ಪತ್ರಿಕೆಗಳ ಹಿಂದಿನ ಸಂಚಿಕೆ, ಹೀಗೆ ಪಠ್ಯವನ್ನೇ ಕೆಲಸದ ವಸ್ತುವಾಗಿ ಆರಿಸಿಕೊಂಡಿರುವ ತಮ್ಮಲ್ಲಿ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕಮಾಂಡ್ ಲೈನ್ ಬಳಕೆಯನ್ನು ಕಲಿಯಬೇಕೆಂದು ಕೇಳಿಕೊಳ್ಳುವುದೇ ಈ ಪತ್ರದ ಉದ್ದೇಶ. ಕಮಾಂಡ್ ಲೈನ್ ಎಂದರೆ ತೆರೆಯ ಮೇಲಿನ ಚಿತ್ರಗಳನ್ನು ಮೌಸ್‌ನಿಂದ ಒತ್ತುವುದರ ಬದಲು, ಆಗಬೇಕಾದ ಕೆಲಸವನ್ನು ಒಂದು ಸಾಲಿನಲ್ಲಿ ಬರೆದು ಕಂಪ್ಯೂಟರಿಗೆ ಒಪ್ಪಿಸುವ ಕ್ರಮ. ಆ ಸಾಲನ್ನು ಬರೆಯುವ ಕಿಟಕಿಗೆ ಟರ್ಮಿನಲ್ ಎಂದೂ, ಬರೆದದ್ದನ್ನು ಓದಿ ನಡೆಸಿಕೊಡುವ ತಂತ್ರಾಂಶಕ್ಕೆ ಶೆಲ್ ಎಂದೂ ಹೆಸರು. ಇದು ಎಂಜಿನಿಯರಿಂಗ್ ಓದಿದವರ ವಿದ್ಯೆ, ಸಾಹಿತ್ಯದವರಿಗೆ ಇದರ ಗೊಡವೆ ಬೇಡ ಎಂಬ ಎಣಿಕೆ ಕನ್ನಡ ವಿಭಾಗಗಳಲ್ಲಿ ಸಾಮಾನ್ಯವಾಗಿದೆ. ಆದರೆ ಈ ಉಪಕರಣಗಳು ಹುಟ್ಟಿದ ಬಗೆಯನ್ನು ನೋಡಿದರೆ ಆ ಎಣಿಕೆಗೆ ಆಧಾರವಿಲ್ಲವೆಂದು ತಿಳಿಯುತ್ತದೆ. ಇಂದು ಡಿಜಿಟಲ್ ರೂಪದಲ್ಲಿ ಸಿಗುತ್ತಿರುವ ಕನ್ನಡ ಪಠ್ಯಗಳ ಸ್ಥಿತಿಯನ್ನು ನೋಡಿದರೆ, ಆ ಎಣಿಕೆಯಿಂದ ಕನ್ನಡ ಸಂಶೋಧನೆಗೆ ಆಗುತ್ತಿರುವ ನಷ್ಟವೂ ಕಾಣುತ್ತದೆ.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಎಂಬ ವ್ಯವಸ್ಥೆ 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರ ಕೈಯಲ್ಲಿ ರೂಪುಗೊಂಡಿತು. ಅದನ್ನು ಕಟ್ಟಿದವರ ಗುಂಪಿನಾಚೆ ಅದನ್ನು ಮೊದಲಿಗೆ ದಿನದ ಕೆಲಸಕ್ಕೆ ಬಳಸಿದವರು ಗಣಿತಜ್ಞರಲ್ಲ, ಅದೇ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಸ್ಟರು. 1971ರಲ್ಲಿ ಅವರು ಪೇಟೆಂಟ್ ಅರ್ಜಿಗಳನ್ನು ಟೈಪ್ ಮಾಡಿ, ತಿದ್ದಿ, ಅಚ್ಚುಕಟ್ಟಾಗಿ ಮುದ್ರಿಸುವುದಕ್ಕೆ ಅದನ್ನು ನೆಚ್ಚಿಕೊಂಡಿದ್ದರು. ಯುನಿಕ್ಸ್ ಬೆಳೆದದ್ದೇ ಪಠ್ಯವನ್ನು ಬರೆಯುವ, ಹುಡುಕುವ, ಜೋಡಿಸುವ, ತಿದ್ದುವ ಕೆಲಸಗಳ ಸುತ್ತ ಎಂಬುದನ್ನು ಈ ಒಂದು ಸಂಗತಿಯೇ ತೋರಿಸುತ್ತದೆ.

ಗ್ರೆಪ್ ಎಂಬ ಹುಡುಕಾಟದ ಉಪಕರಣದ ಹುಟ್ಟು ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. 1787-88ರಲ್ಲಿ ಅಮೆರಿಕದ ಸಂವಿಧಾನದ ಪರವಾಗಿ ಒಂದೇ ಗುಪ್ತನಾಮದಲ್ಲಿ ಪ್ರಕಟವಾದ 85 ಪ್ರಬಂಧಗಳು ‘ಫೆಡರಲಿಸ್ಟ್ ಪೇಪರ್ಸ್’ ಎಂದು ಹೆಸರಾಗಿವೆ. ಅವುಗಳಲ್ಲಿ ಕೆಲವನ್ನು ಬರೆದವರು ಹ್ಯಾಮಿಲ್ಟನ್ನರೋ ಮ್ಯಾಡಿಸನ್ನರೋ ಎಂಬುದು ಬಹುಕಾಲ ವಿವಾದದಲ್ಲಿತ್ತು. ಬೆಲ್ ಪ್ರಯೋಗಾಲಯದ ಲೀ ಮ್ಯಾಕ್‌ಮಹನ್ ಪದಬಳಕೆಯ ಆಧಾರದಿಂದ ಆ ಕರ್ತೃತ್ವವನ್ನು ಪರಿಶೀಲಿಸಲು ಹೊರಟಾಗ, ಅಂದಿನ ಎಡಿಟರ್ ತಂತ್ರಾಂಶದ ಸ್ಮೃತಿಯಲ್ಲಿ ಅಷ್ಟು ದೊಡ್ಡ ಪಠ್ಯ ಹಿಡಿಸಲಿಲ್ಲ. ಆಗ ಥಾಂಪ್ಸನ್ ಆ ಎಡಿಟರಿನಿಂದ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಸ್ವತಂತ್ರ ಉಪಕರಣವಾಗಿ ಕೊಟ್ಟರೆಂದು ಅವರ ಸಹೋದ್ಯೋಗಿ ಬ್ರಯನ್ ಕೆರ್ನಿಘನ್ ವಿವರಿಸಿದ್ದಾರೆ. ‘ಕವಿರಾಜಮಾರ್ಗ’ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಓದಿಕೊಂಡ ಯಾರಿಗೂ ಈ ಪ್ರಶ್ನೆಯ ಜಾತಿ ಅಪರಿಚಿತವಲ್ಲ. ಅಂಥ ಚರ್ಚೆಯನ್ನು ಒಂದು ಹುಡುಕಾಟ ತೀರ್ಮಾನಿಸಿಬಿಡುತ್ತದೆಂದು ಹೇಳುವುದು ಅವಿವೇಕ. ಆದರೆ ಯಾವ ಪದ, ಯಾವ ಪ್ರತ್ಯಯ ಎಲ್ಲೆಲ್ಲಿ ಎಷ್ಟು ಸಲ ಬಂದಿದೆ ಎಂಬ ಆಧಾರವಿಲ್ಲದೆ ವಾದವೂ ನಿಲ್ಲುವುದಿಲ್ಲ.

ಲಿನಕ್ಸ್‌ನ ಮುಕ್ತತೆಯ ಬಗ್ಗೆ ಎರಡು ಮಾತು ಹೇಳಬೇಕು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆಯಲ್ಲಿ ಯುನಿಕ್ಸ್‌ನ ಉಪಕರಣಗಳನ್ನು ಹೊಸದಾಗಿ ಬರೆದು, ಯಾರು ಬೇಕಾದರೂ ಬಳಸುವ, ಮೂಲ ಸಂಕೇತವನ್ನು ಓದುವ, ತಿದ್ದುವ, ಹಂಚುವ ಹಕ್ಕಿನೊಡನೆ ಬಿಡುಗಡೆ ಮಾಡಲಾಯಿತು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬ ತಿರುಳು ಮರುವರ್ಷ ಅದೇ ಬಗೆಯ ಪರವಾನಗಿಯಡಿ ಬಂದು, ಎರಡೂ ಕೂಡಿ ಇಂದಿನ ಡೆಬಿಯನ್, ಉಬುಂಟು, ಫೆಡೋರಾ ಮೊದಲಾದ ವ್ಯವಸ್ಥೆಗಳಾದವು. ಹಣ ಕೊಡಬೇಕಿಲ್ಲ ಎಂಬುದು ವಿದ್ಯಾರ್ಥಿಗೆ ದೊಡ್ಡ ಅನುಕೂಲವೇ ಹೌದು. ಆದರೆ ಸಂಶೋಧಕನಿಗೆ ಅದಕ್ಕಿಂತ ಮುಖ್ಯವಾದದ್ದು, ಒಂದು ಉಪಕರಣ ಪದವನ್ನು ಯಾವ ನಿಯಮದಿಂದ ಎಣಿಸಿತೆಂಬುದನ್ನು ಬೇಕಾದಾಗ ತೆರೆದು ನೋಡಬಹುದು ಎಂಬುದು.

ಇನ್ನು ಪ್ರಯೋಗಕ್ಕೆ ಬಂದರೆ, ಟರ್ಮಿನಲ್ ತೆರೆದಾಗ ಕಾಣುವುದು ಸಾಮಾನ್ಯವಾಗಿ ಕಪ್ಪು ತೆರೆ, ಅದರಲ್ಲಿ ಬಳಕೆದಾರರ ಹೆಸರು, ಒಂದು ಡಾಲರ್ ಚಿಹ್ನೆ, ಅದರ ಮುಂದೆ ಮಿನುಗುವ ಗೆರೆ. ಕಂಪ್ಯೂಟರ್ ಆದೇಶಕ್ಕೆ ಕಾಯುತ್ತಿದೆ ಎಂಬುದಕ್ಕೆ ಆ ಡಾಲರ್ ಚಿಹ್ನೆ ಗುರುತು. ಈ ಪತ್ರದಲ್ಲಿ ಆದೇಶಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ; ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ಕಡತಗಳು ಕಡತಕೋಶಗಳಲ್ಲಿಯೂ, ಆ ಕೋಶಗಳು ಇನ್ನೂ ದೊಡ್ಡ ಕೋಶಗಳಲ್ಲಿಯೂ ಇರುವುದರಿಂದ, ಈಗ ನಿಂತಿರುವ ಕೋಶ ಯಾವುದೆಂದು ತಿಳಿಯಲು ‘ಪಿಡಬ್ಲ್ಯುಡಿ’, ಅದರಲ್ಲಿ ಏನೇನಿದೆ ಎಂದು ನೋಡಲು ‘ಎಲ್ಎಸ್’, ಇನ್ನೊಂದು ಕೋಶಕ್ಕೆ ಹೋಗಲು ‘ಸಿಡಿ’, ಹೊಸ ಕೋಶ ಮಾಡಲು ‘ಎಂಕೆಡಿಐಆರ್’, ಪ್ರತಿ ತೆಗೆಯಲು ‘ಸಿಪಿ’, ಹೆಸರನ್ನು ಅಥವಾ ಜಾಗವನ್ನು ಬದಲಿಸಲು ‘ಎಂವಿ’, ಅಳಿಸಲು ‘ಆರ್‌ಎಂ’ ಎಂಬ ಆದೇಶಗಳಿವೆ. ಇವು ಇಂಗ್ಲಿಷ್ ಪದಗಳೂ ಅಲ್ಲ, ಅವುಗಳ ಮೊಟಕು ರೂಪಗಳು. ಆದ್ದರಿಂದ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಬಾರದವರೂ ಇವನ್ನು ಒಂದೇ ರೀತಿ ಬಾಯಿಪಾಠ ಮಾಡಬೇಕಾಗುತ್ತದೆ. ಕಡತಗಳಿಗೆ ‘ಅಲ್ಲಮ’, ‘ಶಾಸನ’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ‘ಏಲಿಯಸ್’ ಎಂಬ ಆದೇಶದಿಂದ ‘ಎಲ್ಎಸ್’ಗೆ ‘ಪಟ್ಟಿ’ ಎಂದು ಕನ್ನಡ ಹೆಸರನ್ನೇ ಕೊಟ್ಟುಕೊಂಡರೂ ಶೆಲ್ ಅದನ್ನು ಒಪ್ಪಿಕೊಂಡು ನಡೆಸುತ್ತದೆ ಎಂಬುದು ಕಲಿಯುವವರಿಗೆ ಹರ್ಷ ಕೊಡುವ ಸಂಗತಿ.

ಅಳಿಸುವ ಆದೇಶದ ಬಗ್ಗೆ ಮಾತ್ರ ಮೊದಲ ದಿನವೇ ಎಚ್ಚರ ಹೇಳಬೇಕಾಗುತ್ತದೆ. ಚಿತ್ರಗಳ ತೆರೆಯಲ್ಲಿ ಅಳಿಸಿದ ಕಡತ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ, ‘ಆರ್‌ಎಂ’ನಿಂದ ಅಳಿಸಿದ್ದು ಹಾಗೆ ಉಳಿಯುವುದಿಲ್ಲ. ಆದ್ದರಿಂದ ಮೂಲ ಪಠ್ಯವನ್ನು ಒಂದು ಕೋಶದಲ್ಲಿ ಭದ್ರವಾಗಿರಿಸಿ, ಅದರ ಪ್ರತಿಯ ಮೇಲಷ್ಟೇ ಕೆಲಸ ಮಾಡುವುದು ರೂಢಿಯಾಗಬೇಕು. ಓಲೆಗರಿಯ ಮೇಲೆಯೇ ಯಾವ ಸಂಪಾದಕನೂ ತಿದ್ದುಪಡಿ ಬರೆಯುವುದಿಲ್ಲವಷ್ಟೆ.

ಆದೇಶದ ವಾಕ್ಯರಚನೆ ವ್ಯಾಕರಣ ಓದಿದವರಿಗೆ ಸುಲಭವಾಗಿ ಹಿಡಿತಕ್ಕೆ ಬರುತ್ತದೆ. ‘ಗ್ರೆಪ್ ಗುಹೇಶ್ವರ ಅಲ್ಲಮ’ ಎಂಬ ಸಾಲಿನಲ್ಲಿ ‘ಗ್ರೆಪ್’ ಎಂಬುದು ಕ್ರಿಯೆ, ‘ಗುಹೇಶ್ವರ’ ಎಂಬುದು ಕರ್ಮ, ‘ಅಲ್ಲಮ’ ಎಂಬ ಕಡತ ಅಧಿಕರಣ. ಅಲ್ಲಮ ಎಂಬ ಕಡತದಲ್ಲಿ ಗುಹೇಶ್ವರ ಎಂಬುದನ್ನು ಹುಡುಕು ಎಂದು ಅದರ ತಾತ್ಪರ್ಯ, ಆ ಪದವಿರುವ ಸಾಲುಗಳೆಲ್ಲ ತೆರೆಯ ಮೇಲೆ ಬರುವುದು ಅದರ ಫಲ. ಕ್ರಿಯೆಯ ಮುಂದೆ ಒಂದು ಕಿರುಗೆರೆಯೊಡನೆ ಬರುವ ಅಕ್ಷರ ಕ್ರಿಯಾವಿಶೇಷಣದಂತೆ ಕೆಲಸ ಮಾಡುತ್ತದೆ: ‘-ಎನ್’ ಎಂದರೆ ಸಾಲಿನ ಸಂಖ್ಯೆಯನ್ನೂ ತೋರಿಸುತ್ತ ಹುಡುಕು, ‘-ಸಿ’ ಎಂದರೆ ಸಾಲುಗಳನ್ನು ತೋರಿಸದೆ ಅವು ಎಷ್ಟೆಂದು ಎಣಿಸಿ ಹೇಳು. ಇಲ್ಲಿಯೇ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘-ಸಿ’ ಎಣಿಸುವುದು ಪದಗಳನ್ನಲ್ಲ, ಸಾಲುಗಳನ್ನು; ಒಂದು ಸಾಲಿನಲ್ಲಿ ಗುಹೇಶ್ವರ ಎರಡು ಸಲ ಬಂದಿದ್ದರೂ ಲೆಕ್ಕಕ್ಕೆ ಬರುವುದು ಒಂದೇ ಸಲ. ಕಡತದಲ್ಲಿ ಪ್ರತಿ ವಚನವೂ ಒಂದೊಂದು ಸಾಲಿನಲ್ಲಿದ್ದರೆ ಬರುವ ಉತ್ತರ ವಚನಗಳ ಸಂಖ್ಯೆ, ಪ್ರತಿ ವಾಕ್ಯವೂ ಒಂದು ಸಾಲಾಗಿದ್ದರೆ ವಾಕ್ಯಗಳ ಸಂಖ್ಯೆ. ಪ್ರಬಂಧದಲ್ಲಿ ಅಂಕಿಯನ್ನು ನಮೂದಿಸುವ ಮೊದಲು ಅದು ಏನನ್ನು ಎಣಿಸಿದ ಅಂಕಿ ಎಂದು ತಿಳಿದಿರಬೇಕು.

ಕಂಪ್ಯೂಟರಿನ ಒಳಗೆ ಕನ್ನಡ ಹೇಗೆ ಇರುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಕಮಾಂಡ್ ಲೈನ್‌ನಷ್ಟು ನೇರವಾದ ಕಿಟಕಿ ಇನ್ನೊಂದಿಲ್ಲ. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ‘ಪ್ರಿಂಟ್‌ಎಫ್’ ಎಂಬ ಆದೇಶದಿಂದ ಆ ಪದವನ್ನು ಹೊರಡಿಸಿ, ಎಣಿಸುವ ಉಪಕರಣವಾದ ‘ಡಬ್ಲ್ಯುಸಿ’ಗೆ ‘-ಎಂ’ ಎಂಬ ವಿಶೇಷಣದೊಡನೆ ಒಪ್ಪಿಸಿದರೆ ಬರುವ ಉತ್ತರ 5. ‘-ಸಿ’ ಎಂಬ ವಿಶೇಷಣದೊಡನೆ ಒಪ್ಪಿಸಿದರೆ 15. ಯುನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಆ ಪದವು ಕ, ನ, ವಿರಾಮಚಿಹ್ನೆ ಅಂದರೆ ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ನ, ಕೊನೆಗೆ ಡ ಎಂಬ ಐದು ಸಂಕೇತಗಳಾಗಿ ಇರುತ್ತದೆ. ಪ್ರತಿ ಕನ್ನಡ ಸಂಕೇತವೂ ಯುಟಿಎಫ್-8 ಎಂಬ ಶೇಖರಣಾ ವಿಧಾನದಲ್ಲಿ ಮೂರು ಬೈಟ್‌ಗಳಷ್ಟು ಜಾಗ ಹಿಡಿಯುವುದರಿಂದ ಒಟ್ಟು ಹದಿನೈದು ಬೈಟ್‌ಗಳಾಗುತ್ತವೆ. ಬೈಟ್ ಎಂದರೆ ಕಂಪ್ಯೂಟರ್ ಸ್ಮೃತಿಯ ಚಿಕ್ಕ ಅಳತೆ. ಈ ಯುಟಿಎಫ್-8 ವಿಧಾನವನ್ನು 1992ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ತಟ್ಟೆಯ ಕೆಳಗೆ ಹಾಸುವ ಹಾಳೆಯ ಮೇಲೆ ರೂಪಿಸಿದವರು ಸಹೋದ್ಯೋಗಿ ರಾಬ್ ಪೈಕ್ ಅವರ ಜೊತೆಗಿದ್ದ ಅದೇ ಕೆನ್ ಥಾಂಪ್ಸನ್. ಇಂದು ಜಾಲದಲ್ಲಿ ಓಡಾಡುವ ಕನ್ನಡದ ಬಹುಭಾಗ ಆ ವಿಧಾನದಲ್ಲಿಯೇ ಶೇಖರವಾಗಿರುತ್ತದೆ.

ಇದನ್ನು ತಿಳಿದ ಮೇಲೆ ಹುಡುಕಾಟದ ಸ್ವರೂಪವೇ ಬದಲಾಗುತ್ತದೆ. ‘ಮನೆ’ ಎಂಬ ಪದವನ್ನು ಗ್ರೆಪ್‌ನಿಂದ ಹುಡುಕಿದರೆ ಮನೆಯ, ಮನೆಗೆ, ಅರಮನೆ ಎಂಬ ರೂಪಗಳ ಜೊತೆಗೆ ‘ಸುಮ್ಮನೆ’ ಎಂಬ ಪದವೂ ಬಂದು ನಿಲ್ಲುತ್ತದೆ, ಏಕೆಂದರೆ ಕಣ್ಣಿಗೆ ಒಂದೇ ಒತ್ತಕ್ಷರವಾಗಿ ಕಾಣುವ ‘ಮ್ಮ’ ಒಳಗೆ ಮ, ವಿರಾಮಚಿಹ್ನೆ, ಮ ಎಂದು ಬಿಡಿಬಿಡಿಯಾಗಿದ್ದು, ಎರಡನೆಯ ಮಕಾರದಿಂದ ‘ಮನೆ’ ಶುರುವಾಗುತ್ತದೆ. ಪದದ ಮೊದಲಿಗೆ ಒಂದು ತೆರಪನ್ನು ಸೇರಿಸಿ ಉದ್ಧರಣ ಚಿಹ್ನೆಯೊಳಗೆ ‘ ಮನೆ’ ಎಂದು ಕೊಟ್ಟರೆ ಸುಮ್ಮನೆ ಹೊರಗುಳಿಯುತ್ತದೆ, ಆದರೆ ಅರಮನೆಯೂ ನೆರೆಮನೆಯೂ ಕೈತಪ್ಪಿಹೋಗುತ್ತವೆ, ಸಾಲಿನ ಮೊದಲಲ್ಲೇ ಬಂದ ಮನೆಯೂ ಸಿಗುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಸಂಧಿ ಸಮಾಸಗಳನ್ನು ಬಲ್ಲವರದೇ ಹೊರತು ಯಂತ್ರದ್ದಲ್ಲ. ಕನ್ನಡ ವಿಭಾಗದವರು ಈ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಬಾರದು ಎನ್ನುವುದಕ್ಕೆ ಇದೇ ಬಲವಾದ ಕಾರಣ.

ಅದೇ ರೀತಿ ವಚನಗಳ ಮುದ್ರಿತ ಪಾಠಗಳಲ್ಲಿ ಅಲ್ಲಮನ ಅಂಕಿತ ಒಂದೆಡೆ ‘ಗುಹೇಶ್ವರ’ ಎಂದೂ ಇನ್ನೊಂದೆಡೆ ‘ಗೊಹೇಶ್ವರ’ ಎಂದೂ ಬರುತ್ತದೆ. ಹುಡುಕಾಟದ ಭಾಷೆಯಲ್ಲಿ ಒಂದು ಚುಕ್ಕೆಗೆ ‘ಯಾವುದಾದರೂ ಒಂದು ಸಂಕೇತ’ ಎಂಬ ಅರ್ಥವಿದೆ. ಗುಣಿತದ ಚಿಹ್ನೆಯೂ ಒಂದು ಪ್ರತ್ಯೇಕ ಸಂಕೇತವೇ ಆಗಿರುವುದರಿಂದ ‘ಗ.ಹೇಶ್ವರ’ ಎಂದು ಕೊಟ್ಟರೆ ಎರಡು ರೂಪಗಳೂ ಒಟ್ಟಿಗೆ ಸಿಗುತ್ತವೆ. ಬಸವಣ್ಣನವರ ಅಂಕಿತಕ್ಕಾದರೆ ‘ಕೂಡಲಸಂಗ’ ಎಂಬಷ್ಟನ್ನೇ ಕೊಡುವುದು ಮೇಲು, ಕೂಡಲಸಂಗಮದೇವ, ಕೂಡಲಸಂಗಯ್ಯ ಎಂಬ ರೂಪಭೇದಗಳೆಲ್ಲ ಅದರಲ್ಲಿ ಅಡಗುತ್ತವೆ. ಹೀಗೆ ಚುಕ್ಕೆ, ಚೌಕಾವರಣ, ನಕ್ಷತ್ರ ಮೊದಲಾದ ಚಿಹ್ನೆಗಳಿಂದ ಪದದ ಬದಲು ಪದದ ಅಚ್ಚನ್ನು ವರ್ಣಿಸುವ ಕ್ರಮಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎನ್ನುತ್ತಾರೆ. ಪಾಠಾಂತರಗಳ ಜೊತೆ ಕೆಲಸ ಮಾಡುವವರಿಗೆ ಇಡೀ ಕಮಾಂಡ್ ಲೈನ್‌ನಲ್ಲಿ ಇದಕ್ಕಿಂತ ಹೆಚ್ಚು ಉಪಯೋಗದ ವಿಷಯ ಇನ್ನೊಂದಿಲ್ಲ.

ಕಣ್ಣಿಗೆ ಒಂದೇ ರೀತಿ ಕಂಡರೂ ಒಳಗೆ ಬೇರೆ ಬೇರೆಯಾಗಿರುವ ಬರಹ ಕನ್ನಡದ ಡಿಜಿಟಲ್ ಪಠ್ಯಗಳಲ್ಲಿ ಹೇರಳವಾಗಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಿ ಬೀಳದಂತೆ ನಡುವೆ ಒಂದು ಕಾಣದ ಸಂಕೇತವನ್ನು ಹಾಕಿರುತ್ತಾರೆ. ಆ ಸಂಕೇತವಿಲ್ಲದ ರೂಪವನ್ನು ಹುಡುಕಿದರೆ ಈ ರೂಪ ಸಿಗುವುದಿಲ್ಲ, ಸಿಗಲಿಲ್ಲವೆಂಬ ಕಾರಣಕ್ಕೆ ಪಠ್ಯದಲ್ಲಿ ಅದು ಇಲ್ಲವೆಂದು ಬರೆದರೆ ಅದು ತಪ್ಪು ಸಂಶೋಧನೆಯಾಗುತ್ತದೆ. ಇದಕ್ಕಿಂತ ವ್ಯಾಪಕವಾದ ದೋಷ ಸೊನ್ನೆಯದು. ಅನುಸ್ವಾರದ ‘ಂ’ ಮತ್ತು ಕನ್ನಡ ಅಂಕಿಯ ‘೦’ ಎರಡೂ ನೋಟಕ್ಕೆ ಒಂದೇ ಬಗೆಯ ಉಂಗುರಗಳು, ಆದರೆ ಸಂಕೇತಗಳು ಬೇರೆ. ಬೆರಳಚ್ಚಿನಲ್ಲೋ ಹಳೆಯ ಫಾಂಟ್‌ಗಳಿಂದ ಪಠ್ಯವನ್ನು ಪರಿವರ್ತಿಸುವಾಗಲೋ ಅನುಸ್ವಾರದ ಜಾಗದಲ್ಲಿ ಅಂಕಿ ಕುಳಿತಿರುವ ಕಡತಗಳು ಬೇಕಾದಷ್ಟಿವೆ. ಅಂಥ ಕಡತದಲ್ಲಿ ‘ಪಂಪ’ನನ್ನು ಹುಡುಕಿದವರಿಗೆ ಪಂಪ ಸಿಗುವುದಿಲ್ಲ, ಪುಟದ ಮೇಲೆ ಮಾತ್ರ ಅವನ ಹೆಸರು ಎದ್ದು ಕಾಣುತ್ತಿರುತ್ತದೆ.

‘ಸೆಡ್’ ಎಂಬುದು ಪಠ್ಯವನ್ನು ಸಾಲುಸಾಲಾಗಿ ಓದಿ ನಿಯಮದಂತೆ ತಿದ್ದುವ ಉಪಕರಣ. ಅದನ್ನು ಬರೆದವರು ಮೇಲೆ ಹೇಳಿದ ಮ್ಯಾಕ್‌ಮಹನ್ನರೇ. ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡು ಎಂದು ಅದಕ್ಕೆ ಹೇಳಿದರೆ ಕ್ಷಣದಲ್ಲಿ ಮಾಡಿಬಿಡುತ್ತದೆ, ಅದರೊಡನೆ ‘೧೯೫೦’ ಎಂಬ ಇಸವಿಯ ಕೊನೆಯ ಸೊನ್ನೆಯೂ ಅನುಸ್ವಾರವಾಗಿ ಹಾಳಾಗುತ್ತದೆ. ಆದ್ದರಿಂದ ನಿಯಮವನ್ನು ವೈಯಾಕರಣರಂತೆ ಕಟ್ಟಿ ಹೇಳಬೇಕು: ಕನ್ನಡದ ಸ್ವರ, ವ್ಯಂಜನ ಅಥವಾ ಗುಣಿತಚಿಹ್ನೆಗೆ ಹತ್ತಿ ಬಂದ ಸೊನ್ನೆ ಮಾತ್ರ ಅನುಸ್ವಾರವಾಗಲಿ, ಅಂಕಿಗೆ ಹತ್ತಿ ಬಂದದ್ದು ಹಾಗೆಯೇ ಇರಲಿ. ಇಂತಹ ಪರಿಸರದಲ್ಲಿ ಇದಕ್ಕೆ ಇದು ಆದೇಶ ಎಂಬ ಕ್ರಮ ಕೇಶಿರಾಜನ ಸೂತ್ರಗಳನ್ನು ಓದಿದವರಿಗೆ ಹೊಸದಲ್ಲ. ಸೆಡ್‌ಗೆ ಕೊಡುವ ಸಾಲು ನೋಡಲು ಕ್ಲಿಷ್ಟವೆನಿಸಬಹುದು, ಆದರೆ ಅದು ಅಂಥ ಒಂದು ಸೂತ್ರವೇ ಹೊರತು ಬೇರೇನೂ ಅಲ್ಲ. ಬದಲಾವಣೆಯಾದ ಮೇಲೆ ಮೂಲವನ್ನೂ ತಿದ್ದಿದ ಪ್ರತಿಯನ್ನೂ ‘ಡಿಫ್’ ಎಂಬ ಉಪಕರಣದಿಂದ ಹೋಲಿಸಿ, ಎಲ್ಲೆಲ್ಲಿ ಏನು ಬದಲಾಯಿತೆಂದು ಸಾಲುಸಾಲಾಗಿ ನೋಡಬೇಕು. ಹಸ್ತಪ್ರತಿಗಳನ್ನು ತಾಳೆ ನೋಡುವ ಶಿಸ್ತಿಗೂ ಇದಕ್ಕೂ ಭೇದವಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಅಚ್ಚಾದ ಕಡತಗಳನ್ನು, ಅಂದರೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಕಡತಗಳನ್ನು, ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳದಿದ್ದರೆ ಇವೊಂದೂ ನಡೆಯುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು.

ಯುನಿಕ್ಸ್ ಲೋಕಕ್ಕೆ ಕೊಟ್ಟ ದೊಡ್ಡ ಕಲ್ಪನೆ ಪೈಪ್, ಅಂದರೆ ಕೊಳವೆ. ಬೆಲ್ ಪ್ರಯೋಗಾಲಯದ ಡಗ್ ಮೆಕ್‌ಇಲ್‌ರಾಯ್ ಬಹುಕಾಲದಿಂದ ಒತ್ತಾಯಿಸುತ್ತಿದ್ದ ಈ ಕಲ್ಪನೆಯನ್ನು 1973ರಲ್ಲಿ ಥಾಂಪ್ಸನ್ ಕಾರ್ಯರೂಪಕ್ಕೆ ತಂದರು. ಒಂದು ನಿಲುಗೆರೆಯನ್ನು ಎರಡು ಆದೇಶಗಳ ನಡುವೆ ಹಾಕಿದರೆ ಮೊದಲಿನದರ ಫಲ ಎರಡನೆಯದಕ್ಕೆ ಹರಿದುಹೋಗುತ್ತದೆ, ಅದರ ಫಲ ಮೂರನೆಯದಕ್ಕೆ. ಇದರ ಮಹತ್ವವನ್ನು ನಿಘಂಟಿನ ಕೆಲಸದಿಂದ ತಿಳಿಯುವುದು ಸುಲಭ. ಕಿಟೆಲ್ಲರ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಾಲದಿಂದ, ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟಿನ ಕಾಲದವರೆಗೂ ಕೋಶರಚನೆಯ ತಳಹದಿಯ ಕೆಲಸ ಕೈಯಿಂದಲೇ ಆಗಬೇಕಿತ್ತು: ಗ್ರಂಥವನ್ನು ಓದುತ್ತ ಪದಕ್ಕೊಂದು ಚೀಟಿ ಬರೆಯುವುದು, ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವುದು, ಒಂದೇ ಪದದ ಚೀಟಿಗಳನ್ನು ಒಂದು ಕಟ್ಟು ಮಾಡುವುದು, ಕಟ್ಟಿನಲ್ಲಿ ಎಷ್ಟಿವೆ ಎಂದು ನೋಡುವುದು. ಕಮಾಂಡ್ ಲೈನ್‌ನಲ್ಲಿ ‘ಟಿಆರ್’ ಎಂಬ ಆದೇಶ ತೆರಪುಗಳನ್ನು ಸಾಲಿನ ಕೊನೆಗಳಾಗಿ ಬದಲಿಸಿ ಪದಕ್ಕೊಂದು ಸಾಲು ಮಾಡುತ್ತದೆ, ಅದು ಚೀಟಿ ಬರೆದಂತೆ, ‘ಸಾರ್ಟ್’ ಜೋಡಿಸುತ್ತದೆ, ‘ಯುನಿಕ್ -ಸಿ’ ಒಂದೇ ರೂಪದ ಸಾಲುಗಳನ್ನು ಕೂಡಿಸಿ ಸಂಖ್ಯೆ ಬರೆಯುತ್ತದೆ, ಮತ್ತೊಮ್ಮೆ ‘ಸಾರ್ಟ್ -ಆರ್‌ಎನ್’ ಎಂದರೆ ಹೆಚ್ಚು ಸಲ ಬಂದ ಪದ ಮೇಲೆ ಬರುವಂತೆ ತಿರುಗಿಸಿ ಜೋಡಿಸುತ್ತದೆ. ನಾಲ್ಕು ಆದೇಶ, ನಡುವೆ ಮೂರು ನಿಲುಗೆರೆ, ಒಂದೇ ಸಾಲು. ಒಂದು ದೊಡ್ಡ ಕಾವ್ಯದ ಪದಪಟ್ಟಿ ಆವೃತ್ತಿಸಂಖ್ಯೆಯ ಸಮೇತ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುತ್ತದೆ. ಹಿಂದಿನವರ ಪರಿಶ್ರಮ ಇದರಿಂದ ಕಿರಿದಾಗುವುದಿಲ್ಲ. ಚೀಟಿಗೆ ಅರ್ಥ ಬರೆಯುವ ವಿದ್ವತ್ತು ಅವರದಾಗಿತ್ತು, ಅದನ್ನು ಯಾವ ಕೊಳವೆಯೂ ಹರಿಸಲಾರದು. ಚೀಟಿ ಜೋಡಿಸುವ ದಣಿವನ್ನು ಮಾತ್ರ ತಪ್ಪಿಸಬಹುದು.

ಇಲ್ಲಿಯೂ ಕನ್ನಡಕ್ಕೆ ವಿಶೇಷವಾದ ಎರಡು ಎಚ್ಚರಗಳಿವೆ. ‘ಟಿಆರ್’ನ ಗ್ನು ರೂಪವು ಬೈಟ್ ಬೈಟ್ ಆಗಿ ಕೆಲಸ ಮಾಡುವುದರಿಂದ ಅದಕ್ಕೆ ತೆರಪು, ಅಲ್ಪವಿರಾಮಗಳಂಥ ಚಿಹ್ನೆಗಳನ್ನು ಒಪ್ಪಿಸಬಹುದೇ ಹೊರತು ಕನ್ನಡ ಅಕ್ಷರಗಳನ್ನು ಒಪ್ಪಿಸಬಾರದು, ಒಪ್ಪಿಸಿದರೆ ಮೂರು ಬೈಟ್‌ಗಳ ಅಕ್ಷರ ಒಡೆದುಹೋಗುತ್ತದೆ, ಅಕ್ಷರಗಳ ಬದಲಾವಣೆಗೆ ಸೆಡ್ ಇದೆ. ಎರಡನೆಯದು ಅಕಾರಾದಿಯ ಪ್ರಶ್ನೆ. ಸಂಕೇತಗಳ ಕ್ರಮದಲ್ಲಿ ಜೋಡಿಸು ಎಂದು ‘ಸಾರ್ಟ್’ಗೆ ಹೇಳಿದರೆ ‘ಕಳೆ’ ಎಂಬುದು ‘ಕವಿ’ಗಿಂತ ಮೊದಲು ಬರುತ್ತದೆ, ಏಕೆಂದರೆ ಯುನಿಕೋಡಿನಲ್ಲಿ ಳಕಾರವನ್ನು ಲಕಾರದ ಪಕ್ಕದಲ್ಲಿ ಇರಿಸಿದ್ದಾರೆ, ಕನ್ನಡ ವರ್ಣಮಾಲೆಯಲ್ಲಿ ಅದರ ಜಾಗ ಹಕಾರದ ನಂತರ. ಹಳಗನ್ನಡದ ‘ೞ’ಕಾರಕ್ಕಂತೂ ಯುನಿಕೋಡಿನಲ್ಲಿ ತಪ್ಪಾಗಿ ‘ಫ’ ಎಂದು ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಒಂದು ಹಳಗನ್ನಡ ಕಾವ್ಯದ ಡಿಜಿಟಲ್ ಪ್ರತಿ ಕೈಗೆ ಬಂದ ಕೂಡಲೇ ‘ೞ’ ಮತ್ತು ‘ಱ’ ಅದರಲ್ಲಿ ಇವೆಯೇ ಎಂದು ಗ್ರೆಪ್‌ನಿಂದ ನೋಡುವುದು ಒಳ್ಳೆಯ ಅಭ್ಯಾಸ. ಒಂದೂ ಸಿಗದಿದ್ದರೆ, ಬೆರಳಚ್ಚು ಮಾಡಿದವರು ಅವನ್ನು ಳಕಾರ ರಕಾರಗಳಾಗಿ ಬದಲಿಸಿಬಿಟ್ಟಿದ್ದಾರೆಂದೂ ಪ್ರಾಸದ ಚರ್ಚೆಗೆ ಆ ಪ್ರತಿ ತಕ್ಕುದಲ್ಲವೆಂದೂ ತಿಳಿಯಬೇಕು.

ಇಷ್ಟೆಲ್ಲ ಹೇಳಿದ್ದರ ನಡುವೆ ಈ ಪತ್ರ ಮುಖ್ಯವಾಗಿ ಒತ್ತಿ ಹೇಳಬೇಕೆಂದಿರುವುದು ಇದು: ಮೌಸ್‌ನಿಂದ ಮಾಡಿದ ಕೆಲಸ ಗುರುತುಳಿಸುವುದಿಲ್ಲ, ಕಮಾಂಡ್ ಲೈನ್‌ನಲ್ಲಿ ಮಾಡಿದ ಕೆಲಸ ತಾನೇ ಒಂದು ಬರಹವಾಗಿ ಉಳಿಯುತ್ತದೆ. ‘ಹಿಸ್ಟರಿ’ ಎಂಬ ಆದೇಶ ಕೊಟ್ಟರೆ ಇತ್ತೀಚೆಗೆ ಕೊಟ್ಟ ಆದೇಶಗಳು ಕ್ರಮಸಂಖ್ಯೆಯೊಡನೆ ತೆರೆಯ ಮೇಲೆ ಬರುತ್ತವೆ. ಬೇಕಾದವನ್ನು ಆರಿಸಿ ಒಂದು ಕಡತದಲ್ಲಿ ಬರೆದಿಟ್ಟರೆ ಅದಕ್ಕೆ ಸ್ಕ್ರಿಪ್ಟ್ ಎಂದು ಹೆಸರು, ನಾಳೆ ಅದನ್ನೇ ಮತ್ತೆ ನಡೆಸಬಹುದು. ‘ಈ ಪದ ಈ ಕಾವ್ಯದಲ್ಲಿ ಇಷ್ಟು ಸಲ ಪ್ರಯೋಗವಾಗಿದೆ’ ಎಂದು ಒಂದು ಮಹಾಪ್ರಬಂಧ ಹೇಳಿದಾಗ, ಯಾವ ಆವೃತ್ತಿಯ ಪಾಠದಲ್ಲಿ, ಯಾವ ರೂಪಗಳನ್ನು ಸೇರಿಸಿ, ಯಾವುದನ್ನು ಬಿಟ್ಟು ಎಣಿಸಿದ್ದು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಎಣಿಸಿದ ಆದೇಶವನ್ನೇ ಅಡಿಟಿಪ್ಪಣಿಯಲ್ಲೋ ಅನುಬಂಧದಲ್ಲೋ ಅಚ್ಚು ಹಾಕಿದರೆ, ಧಾರವಾಡದಲ್ಲಿ ಎಣಿಸಿದ್ದನ್ನು ಮೈಸೂರಿನಲ್ಲಿ ಕುಳಿತವರು ಅದೇ ಕಡತದ ಮೇಲೆ ನಡೆಸಿ ಪರೀಕ್ಷಿಸಬಹುದು, ಒಪ್ಪದಿದ್ದರೆ ಎಲ್ಲಿ ಒಪ್ಪುವುದಿಲ್ಲವೆಂದು ಬೆರಳಿಟ್ಟು ತೋರಿಸಬಹುದು. ಹಸ್ತಪ್ರತಿಗಳ ವಿವರವನ್ನೂ ಪಾಠಾಂತರಗಳನ್ನೂ ಪುಟದಡಿಯಲ್ಲಿ ಕೊಟ್ಟು ಓದುಗರ ಪರೀಕ್ಷೆಗೆ ತಮ್ಮನ್ನು ಒಡ್ಡಿಕೊಂಡ ಸಂಪಾದಕರ ಪರಂಪರೆ ಕನ್ನಡದಲ್ಲಿದೆ. ಅಂಕಿಸಂಖ್ಯೆಗಳ ವಿಷಯದಲ್ಲಿಯೂ ಆ ಪ್ರಾಮಾಣಿಕತೆ ಬರಬೇಕಾದರೆ ಬರೆದು ತೋರಿಸಬಹುದಾದ ವಿಧಾನ ಬೇಕು.

ಮುದ್ರಿತ ಪುಟದ ಚಿತ್ರವನ್ನು ಪಠ್ಯವಾಗಿ ಪರಿವರ್ತಿಸುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವೂ ಕನ್ನಡವನ್ನು ಓದಬಲ್ಲದು, ಅದು ಕೂಡ ಕಮಾಂಡ್ ಲೈನ್‌ನಿಂದಲೇ ನಡೆಯುವಂಥದು. ನಾನೂರು ಪುಟಗಳ ಪುಸ್ತಕವನ್ನು ಒಂದೊಂದೇ ಪುಟವಾಗಿ ಒಪ್ಪಿಸುವ ಬದಲು ‘ಪ್ರತಿ ಪುಟಕ್ಕೂ ಇದನ್ನು ಮಾಡು’ ಎಂಬ ಒಂದು ಆವರ್ತನೆಯ ಸಾಲು ಸಾಕಾಗುತ್ತದೆ. ಬಂದ ಪಠ್ಯದಲ್ಲಿ ತಪ್ಪುಗಳು ಇದ್ದೇ ಇರುತ್ತವೆ, ಕರಡು ತಿದ್ದುವ ಕೆಲಸ ತಪ್ಪುವುದಿಲ್ಲ.

ಕಲಿಯತೊಡಗಿದವರನ್ನು ಮೊದಲ ದಿನವೇ ಹಿಂಜರಿಯುವಂತೆ ಮಾಡುವ ಒಂದು ತೊಡಕನ್ನು ಮುಚ್ಚಿಡಬಾರದು. ಅನೇಕ ಟರ್ಮಿನಲ್ ಕಿಟಕಿಗಳು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕವನ್ನು ಗೊತ್ತುಮಾಡಿರುವುದರಿಂದ ಕನ್ನಡದ ಒತ್ತುಗಳೂ ಗುಣಿತಗಳೂ ಅಲ್ಲಿ ಚೆದುರಿ, ಒಡೆದು ಕಾಣುತ್ತವೆ. ಕಡತ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಕೆಟ್ಟಿರುವುದು ನೋಟ ಮಾತ್ರ, ಪಠ್ಯವಲ್ಲ. ಆದೇಶದ ಕೊನೆಯಲ್ಲಿ ‘>’ ಎಂಬ ಚಿಹ್ನೆಯನ್ನೂ ಒಂದು ಹೊಸ ಕಡತದ ಹೆಸರನ್ನೂ ಬರೆದರೆ ಫಲವೆಲ್ಲ ಆ ಕಡತಕ್ಕೆ ಹೋಗಿ ಸೇರುತ್ತದೆ, ಅದನ್ನು ಸಾಮಾನ್ಯ ಎಡಿಟರಿನಲ್ಲಿ ತೆರೆದಾಗ ಕನ್ನಡ ಸರಿಯಾಗಿ ಕಾಣುತ್ತದೆ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಅದರೊಳಗಿನದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಆದೇಶವೊಂದು ನಿಲ್ಲದೆ ಓಡುತ್ತಿದ್ದರೆ ಕಂಟ್ರೋಲ್ ಕೀಲಿಯೊಡನೆ ‘ಸಿ’ ಒತ್ತಿ ನಿಲ್ಲಿಸಬಹುದು. ಕಡತದ ಉದ್ದನೆಯ ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಶೆಲ್ ತಾನೇ ಪೂರ್ತಿ ಮಾಡುತ್ತದೆ. ಮೇಲ್ಬಾಣದ ಕೀಲಿ ಹಿಂದಿನ ಆದೇಶವನ್ನು ಮರಳಿ ತರುತ್ತದೆ. ‘ಮ್ಯಾನ್ ಗ್ರೆಪ್’ ಎಂದರೆ ಗ್ರೆಪ್‌ನ ಕೈಪಿಡಿ ತೆರೆಯುತ್ತದೆ, ‘ಕ್ಯು’ ಒತ್ತಿದರೆ ಮುಚ್ಚುತ್ತದೆ. ಆ ಕೈಪಿಡಿಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸಕ್ಕೆ ಭಾಷೆಯನ್ನೂ ಉಪಕರಣವನ್ನೂ ಬಲ್ಲವರು ಬೇಕು, ಅಂಥವರು ತಮ್ಮೊಳಗಿಂದಲೇ ಬರಬೇಕಾಗಿದೆ.

ಇದಕ್ಕೆಲ್ಲ ಹೊಸ ಕಂಪ್ಯೂಟರ್ ಬೇಕಾಗಿಲ್ಲ. ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇದ್ದ ವ್ಯವಸ್ಥೆಯನ್ನು ಮುಟ್ಟದೆ ಅದರಿಂದಲೇ ನಡೆಸಿ ನೋಡಬಹುದು. ವಿಂಡೋಸ್ ಇರುವ ಯಂತ್ರದಲ್ಲಿ ಡಬ್ಲ್ಯುಎಸ್ಎಲ್ ಎಂಬ ಸೌಲಭ್ಯ ಲಿನಕ್ಸ್‌ನ ಟರ್ಮಿನಲ್ಲನ್ನು ಒದಗಿಸುತ್ತದೆ. ಆಂಡ್ರಾಯ್ಡ್ ಫೋನ್ ಒಂದೇ ಕೈಯಲ್ಲಿರುವವರಿಗೆ ಟರ್ಮಕ್ಸ್ ಎಂಬ ಮುಕ್ತ ಆ್ಯಪ್ ಇದೆ, ಇಲ್ಲಿ ಹೇಳಿದ ಗ್ರೆಪ್, ಸೆಡ್, ಸಾರ್ಟ್‌ಗಳೆಲ್ಲ ಅದರಲ್ಲಿಯೂ ನಡೆಯುತ್ತವೆ. ಮೊದಲ ಅಭ್ಯಾಸಕ್ಕೆ ತಾವೇ ಬರೆಯುತ್ತಿರುವ ಪ್ರಬಂಧದ ಒಂದು ಅಧ್ಯಾಯವನ್ನು ಸಾದಾ ಪಠ್ಯವಾಗಿ ಉಳಿಸಿಕೊಂಡು, ಅದರಲ್ಲಿ ಅನುಸ್ವಾರದ ಜಾಗದಲ್ಲಿ ಕುಳಿತಿರುವ ಸೊನ್ನೆಗಳು ಯಾವ ಯಾವ ಸಾಲಿನಲ್ಲಿವೆ ಎಂದು ‘ಗ್ರೆಪ್ -ಎನ್’ನಿಂದ ಹುಡುಕುವುದು ಸೂಕ್ತ, ಮಾರ್ಗದರ್ಶಕರ ಕೈಗೆ ಕೊಡುವ ಮೊದಲು ಆ ಸಾಲುಗಳನ್ನು ತಿದ್ದಿಕೊಳ್ಳಲೂ ಸಮಯ ಸಿಗುತ್ತದೆ.

ಇಂತಿ,
ಕನ್ನಡ ಪಠ್ಯಗಳ ಕೆಲಸದಲ್ಲಿ ತೊಡಗಿರುವ ಹಿತೈಷಿ